ಏಣಿ ಹಿಡಿಯುತ್ತಿದ್ದವನು ಡೇರೆ ಹಾಕಿದ್ದು

ಮನುಷ್ಯ ಬರುವಾಗಲೂ ಒಬ್ಬನೇ, ಹೋಗುವಾಗಲೂ ಒಬ್ಬನೇ ಎಂದು ಬಲ್ಲವರು ಹೇಳಿದ್ದಾರೆ. ಈ ಎರಡರ ನಡುವೆ ಜೀಪಿನ ಚಾವಣಿಯ ಮೇಲೆ ಡೇರೆ ಹಾಕುವ ಪ್ರಸಂಗ ಬಂದರೆ ಇಬ್ಬರು ಬೇಕಾಗುತ್ತಾರೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅದನ್ನು ಹೇಳಿದ್ದು ಡೇರೆಯ ಜೊತೆ ಬಂದ ಪುಸ್ತಿಕೆ. ಅದರ ಮೊದಲ ಪುಟದಲ್ಲಿ ಎರಡು ಗೊಂಬೆಗಳ ಚಿತ್ರವಿದೆ. ಒಂದು ಗೊಂಬೆ ಬಾಗಿ ಏಣಿ ಜಗ್ಗುತ್ತಿದೆ. ಇನ್ನೊಂದು ಆಚೆ ಬದಿಗೆ ನಿಂತು ಕೈ ಮೇಲೆತ್ತಿದೆ. ಎರಡಕ್ಕೂ ಮುಖವಿಲ್ಲ. ಆದರೂ ಕೈ ಎತ್ತಿ ನಿಂತದ್ದು ನಾನೇ ಎಂದು ನೋಡಿದ ಕೂಡಲೇ ಗುರುತು ಹಿಡಿದೆ.

ಡೇರೆ ಎಂದರೆ ಏನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ದಾವೆಯ ವಸ್ತು ಯಾವುದೆಂದು ತಿಳಿಯದೆ ವಾದ ಕೇಳಬಾರದು. ಮಡಚಿಟ್ಟಾಗ ಅದು ಜೀಪಿನ ನೆತ್ತಿಯ ಮೇಲೆ ಯಾರೋ ಹಾಸಿಗೆ ಸುತ್ತಿಟ್ಟು ಮರೆತು ಹೋದ ಹಾಗೆ ಕಾಣುತ್ತದೆ. ಮೇಲೊಂದು ದಪ್ಪ ಹೊದಿಕೆ, ಸುತ್ತಲೂ ಜಿಪ್ಪು. ಜಿಪ್ಪು ಬಿಚ್ಚಿ, ಪಟ್ಟಿ ಸಡಿಲಿಸಿ, ಏಣಿಯನ್ನು ಉದ್ದಕ್ಕೆ ಎಳೆದು, ಅದನ್ನೇ ಸನ್ನೆಗೋಲು ಮಾಡಿ ಜಗ್ಗಿದರೆ ಪುಸ್ತಕ ತೆರೆದಂತೆ ಎರಡು ಹಲಗೆ ತೆರೆದುಕೊಳ್ಳುತ್ತವೆ. ಒಂದು ಜೀಪಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ಗಾಳಿಯಲ್ಲಿರುವುದಕ್ಕೆ ಏಣಿಯೇ ಆಧಾರ. ನಡುವೆ ಬಟ್ಟೆಯ ಗೋಡೆಗಳು ತಾವಾಗಿ ಎದ್ದು ನಿಂತು ಕೋಣೆಯಾಗುತ್ತದೆ. "ತಾವಾಗಿ" ಎಂಬ ಮಾತು ಪುಸ್ತಿಕೆಯದು, ನನ್ನದಲ್ಲ.

ಹಾವೇರಿಯ ಕೋರ್ಟಿನಲ್ಲಿ ನಾನು ಮೂವತ್ತನಾಲ್ಕು ವರ್ಷ ನೌಕರಿ ಮಾಡಿದೆ. ಅದರಲ್ಲಿ ಬಹುಪಾಲು ವರ್ಷ ನನ್ನ ಎದುರಿನ ಮೇಜಿಗೆ ಒಬ್ಬನೇ ಮನುಷ್ಯ ಕುಳಿತಿದ್ದ. ಒಂದೇ ಫ್ಯಾನು, ಒಂದೇ ನೀರಿನ ಹೂಜಿ, ಒಂದೇ ವರ್ಷ ನಿವೃತ್ತಿ. ಅವನು ಬ್ಯಾಡಗಿಯವನು, ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದ. ಬರುವಾಗ ಅಂಗಿಯಲ್ಲಿ ಊರಿನ ಮೆಣಸಿನಕಾಯಿ ಘಾಟು ತರುತ್ತಿದ್ದುದರಿಂದ ಸಾಕ್ಷಿಗಳು ಅವನ ಮುಂದೆ ಬಂದ ಕೂಡಲೇ ಸೀನುತ್ತಿದ್ದರು. ಸೀನಿದವನು ಸುಳ್ಳು ಹೇಳುತ್ತಾನೆ ಎಂದು ಅವನದೊಂದು ಸಿದ್ಧಾಂತವಿತ್ತು. ಮೇಲಿನ ಯಾವ ಕೋರ್ಟೂ ಅದನ್ನು ಎತ್ತಿಹಿಡಿದ ದಾಖಲೆಯಿಲ್ಲ.

ನಿವೃತ್ತಿಯಾದ ಮೇಲೆ ಎಲ್ಲರೂ ತೀರ್ಥಯಾತ್ರೆಗೆ ಹೋದರು. ನಾವಿಬ್ಬರು ಸರಕಾರಿ ಹರಾಜಿನಲ್ಲಿ ಒಂದು ಹಳೆಯ ಜೀಪು ಹಿಡಿದೆವು. ಡೇರೆಯ ಯೋಚನೆ ಅವನದು. ಫೋನಿನಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಹಿಮದಲ್ಲಿ ಅದನ್ನು ಬಿಚ್ಚುವುದನ್ನು ತೋರಿಸಿ, "ನೋಡಲೇ, ಲಾಡ್ಜಿನ್ಯಾಗ ತಿಗಣಿ ಕಡಿಸ್ಕೊಳ್ಳೂದಕ್ಕಿಂತ ಇದು ಚಲೋ ಐತಿಲ್ಲೋ" ಅಂದಿದ್ದ. ನನಗೆ ಬೇಡವೆನ್ನಲು ಕಾರಣವಿರಲಿಲ್ಲ. ನಾನು ಮದುವೆಯಾಗಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುವವರೆಲ್ಲ ಈಗ ತೀರಿಕೊಂಡಿದ್ದಾರೆ. ಹೀಗಾಗಿ ಅವನು ಬಾ ಅಂದ ಕಡೆ ಹೋಗುವುದು ನನ್ನ ಸಂಸಾರವಾಗಿತ್ತು.

ಹನ್ನೊಂದು ಸಲ ಹೋದೆವು. ಹನ್ನೊಂದು ಸಲವೂ ಜಗ್ಗುವವನು ಅವನು, ಆಚೆ ನಿಂತು ಹಿಡಿಯುವವನು ನಾನು. ಹಲಗೆ ಮೇಲೆದ್ದು ಅವನ ಕಡೆ ವಾಲಿದಾಗ "ಬಂತು, ಬಂತು" ಅನ್ನುವುದು, ಏಣಿ ನೆಲಕ್ಕೆ ಊರಿದ ಮೇಲೆ ಈಚೆ ಬಂದು ಅದರ ಕಾಲು ಹಿಡಿದು ಅವನು ಹತ್ತುವ ತನಕ ನಿಲ್ಲುವುದು, ಆಮೇಲೆ ಸ್ಟೋವ್ ಹಚ್ಚಿ ಚಹಾ ಮಾಡುವುದು. ಇಷ್ಟು ನನ್ನ ಅಧಿಕಾರದ ವ್ಯಾಪ್ತಿ.

ಹೋದ ದೀಪಾವಳಿಯ ಮುಂದೆ ಅವನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಬಲಗೈ, ಬಲಗಾಲು ಅರ್ಧಕ್ಕರ್ಧ ಹೋದವು. ಜೀಪು ಅವನ ಮನೆಯ ಹಿತ್ತಿಲಲ್ಲಿ ತಾಡಪತ್ರಿ ಹೊದ್ದು ನಿಂತಿತು. ಈ ಸಲದ ಮುಂಗಾರು ಬಿತ್ತನೆ ಮುಗಿದ ಒಂದು ಬುಧವಾರ ಬ್ಯಾಡಗಿಗೆ ಹೋದಾಗ, ಕಟ್ಟೆಯ ಮೇಲೆ ಕುಳಿತಿದ್ದವನು ಪೀಠಿಕೆಯಿಲ್ಲದೆ ಹೇಳಿದ.

"ರವಿವಾರ ಸಂಜಿಕೆ ಹುಬ್ಬಳ್ಳಿ ಗಿರಾಕಿ ಬರ್ತಾನ. ಡೇರೆ ಬಿಚ್ಚಿಕೊಂಡು ಹೋಗ್ತಾನ."

"ನನ್ನ ಒಂದು ಮಾತು ಕೇಳಲಿಲ್ಲ?"

"ಕೇಳಾಕ ಏನೈತಿ? ನನಗ ಹತ್ತಾಕ ಆಗೂದಿಲ್ಲ. ನಿನಗ ಹಾಕಾಕ ಬರೂದಿಲ್ಲ. ಅದರಾಗ ಇನ್ನ ಗುಬ್ಬಿ ಸಂಸಾರ ಮಾಡಬೇಕೇನು?"

"ಹಾಕಾಕ ಬರೂದಿಲ್ಲಂತ ಯಾರು ಹೇಳಿದ್ರು?"

"ಲೇ, ಹನ್ನೊಂದು ಸಲ ನೀ 'ಬಂತು ಬಂತು' ಅಂದಿ. ಅದನ್ನ ಬಿಟ್ಟು ಮತ್ತೇನರ ಮಾಡಿದ್ರ ಹೇಳು."

"ಚಹಾ ಮಾಡೇನಿ."

"ಸಕ್ರಿ ನಾ ಹಾಕೇನಿ."

ಇದು ಖರೇ ಇತ್ತು. ಒಳಗಿನಿಂದ ವೈನಿ, ಅಂದರೆ ಅವನ ಹೆಂಡತಿ, ಮೊರ ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದರು. "ಅಣ್ಣಾರ, ಮಾರೂದಾದ್ರ ಲಗೂ ಮಾರ್ರಿ, ಇಲ್ಲಾ ಎಲ್ಲೆರ ತಗೊಂಡು ಹೋಗ್ರಿ. ಇವರು ದಿನಾ ಮುಂಜಾನೆದ್ದು ಅದರ ಮುಂದ ಕುರ್ಚಿ ಹಾಕ್ಕೊಂಡು ಕುಂದರ್ತಾರ, ಸತ್ತೋರ ಮನಿಗೆ ಬಂದವರಂಗ. ನನಗ ನೋಡಾಕ ಆಗವಲ್ದು."

ಅವನು ಹೆಂಡತಿಯ ಕಡೆ ನೋಡಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ. ಯಾರದೋ ಸಾಮಾನು ಜೋಪಾನ ಮಾಡಿದ ಹಾಗೆ.

"ಹಂಗಾರ ಕೇಳು," ಅಂದ. "ಶನಿವಾರ ತಗೊಂಡು ಹೋಗು. ಒಬ್ಬನ ಬಿಚ್ಚು, ಒಬ್ಬನ ಮಲಗು, ಒಬ್ಬನ ಮಡಚು. ಯಾರೂ ಕೈ ಹಚ್ಚಬಾರದು. ಮಾಡಿದೆಂದ್ರ ಗಿರಾಕಿಗೆ ಬರಬ್ಯಾಡ ಅಂತೇನಿ, ಡೇರೆ ನಿನ್ನ ಕಡೆ ಇರ್ಲಿ. ಆಗಲಿಲ್ಲಂದ್ರ ಮಾರೂದು."

"ಸಾಕ್ಷಿ ಯಾರು?"

"ಸಾಕ್ಷಿ ಯಾಕ ಬೇಕು? ಸುಳ್ಳ ಹೇಳಾಕ ಬರೂದಿಲ್ಲ ಅನ್ನೂದು ನಿಂದೊಂದು ರೋಗ ಐತೆಲ್ಲ."

ಶನಿವಾರ ಮಧ್ಯಾಹ್ನ ಜೀಪು ಹೊರತೆಗೆದೆ. ಅವನು ಕೋಲೂರಿಕೊಂಡು ಹಿತ್ತಿಲ ಬಾಗಿಲ ತನಕ ಬಂದು, "ಬ್ರೇಕು ಸ್ವಲ್ಪ ಒತ್ತಿ ಹಿಡಿ" ಅಂದ. ಹೆದ್ದಾರಿಗೆ ಸೇರಿದ ಮೇಲೆ ಈ ಕರಾರಿನ ಒಳಗುಟ್ಟು ನನಗೆ ಹೊಳೆಯಿತು. ನಾನು ಸೋತರೆ ಡೇರೆ ಹೋಗುತ್ತದೆ. ಗೆದ್ದರೆ, ಅವನು ಇಲ್ಲದೆಯೂ ಕೆಲಸ ನಡೆಯುತ್ತದೆ ಎಂದು ನಾನೇ ಕೈಯಾರೆ ಸಾಬೀತು ಮಾಡಿದ ಹಾಗಾಗುತ್ತದೆ. ಎರಡೂ ಕಡೆಯವರು ಸೋಲುವಂಥ ದಾವೆಗಳನ್ನು ನಾನು ಬಹಳ ನೋಡಿದ್ದೇನೆ, ಆದರೆ ಅವುಗಳಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ದ್ವೇಷಿಸುತ್ತಿದ್ದರು. ಇಲ್ಲಿ ಆ ಅನುಕೂಲವೂ ಇರಲಿಲ್ಲ.

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಗಳ ಮುಂದೆ ಟ್ರ್ಯಾಕ್ಟರುಗಳು ಅಡ್ಡಾದಿಡ್ಡಿ ನಿಂತಿದ್ದವು. ನುಸುಳಿ ಹೋಗುವಾಗ ಎರಡು ಸಲ ಎಡಕ್ಕೆ ತಿರುಗಿ, "ಬರ್ತೈತೇನಲೇ?" ಎಂದು ಕೇಳಿದೆ. ಎಡಗಡೆಯ ಸೀಟು ಖಾಲಿ. ಅಲ್ಲಿ ಒಂದು ಡಜನ್ ಬಾಳೆಹಣ್ಣು ಕುಳಿತಿತ್ತು. ಅದು ಏನೂ ಹೇಳಲಿಲ್ಲ. ಮೂರನೆಯ ಸಲ ಕೇಳಬಾರದೆಂದು ನಿಶ್ಚಯಿಸಿ ಕೇಳಿದೆ.

ಊರು ದಾಟಿ, ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಮೇಯುವ ಕುರುಚಲು ಕಾಡಿನ ಮಗ್ಗುಲಿಗೆ ಒಂದು ಹೊಲದ ಬದುವಿನ ಹತ್ತಿರ ಜೀಪು ನಿಲ್ಲಿಸಿದೆ. ಹೊಲದಲ್ಲಿ ಗೋವಿನಜೋಳ ಮೊಳೆತಿತ್ತು, ಎರಡೆಲೆ, ಬೆರಳುದ್ದ. ಮೋಡ ಕವಿದಿತ್ತು, ಮಳೆಯಿರಲಿಲ್ಲ. ನಿಲ್ಲಿಸಿ ಐದು ನಿಮಿಷ ಆಗಿರಲಿಲ್ಲ, ಬೈಕೊಂದು ಬಂತು. ಐವತ್ತರ ಆಸುಪಾಸಿನವನು, ತಲೆಗೆ ಟವೆಲು, ಬೆನ್ನ ಹಿಂದೆ ಬೆಳೆಗೆ ಔಷಧಿ ಹೊಡೆಯುವ ಡಬ್ಬಿ. ಹೊಲದ ಮಾಲೀಕ.

"ಸರ್ವೇದವರೇನ್ರಿ ಸಾಹೇಬ್ರ?"

"ಅಲ್ರೀ."

"ಲೈನಿನ ಕಂಬಾ ಹಾಕಾವರೇನ್ರಿ?"

"ಅಲ್ಲ."

"ಮತ್ತ ಏನ ಮಾರ್ತೀರಿ?"

"ಏನೂ ಮಾರೂದಿಲ್ರಿ. ನಿಮ್ಮ ಅಡ್ಡಿ ಇಲ್ಲಂದ್ರ ಇವತ್ತೊಂದಿನ ಇಲ್ಲೇ ಮಲಗಿ ಹೋಗ್ತೇನಿ."

"ಮಲಗ್ರಿ, ಅಡ್ಡಿ ಏನೈತಿ. ಆದ್ರ ಯಾಕ್ರೀ?"

ಇಬ್ಬರಿದ್ದಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಬ್ಬರು ಹುಚ್ಚರಿದ್ದರೆ ಅದು ಹವ್ಯಾಸ; ಒಬ್ಬನೇ ಇದ್ದರೆ ವಿಚಾರಣೆ.

"ಮನ್ಯಾಗ ಜಗಳಾ ಆತೇನ್ರಿ?" ಎಂದು ಅವನು ದನಿ ತಗ್ಗಿಸಿದ.

"ಜಗಳಾ ಮಾಡಾಕ ಮನ್ಯಾಗ ಯಾರೂ ಇಲ್ರಿ."

ಅವನು ಟವೆಲು ತೆಗೆದು ಮುಖ ಒರೆಸಿಕೊಂಡು, "ಹಂಗಾರ ಎಲ್ಲಿ ಮಲಗಿದ್ರೂ ಅಷ್ಟ ಬಿಡ್ರಿ" ಅಂದ. ಅದಕ್ಕಿಂತ ಸಂಕ್ಷಿಪ್ತವಾದ ತೀರ್ಪನ್ನು ನಾನು ಕೇಳಿಲ್ಲ.

ಹೊದಿಕೆ ಬಿಚ್ಚಿದೆ, ಪಟ್ಟಿ ಸಡಿಲಿಸಿದೆ, ಏಣಿ ಎಳೆದೆ. ಅವನು ಮುಂದೆ ಬಂದು, "ಹಿಡೀಲೇನ್ರಿ?" ಅಂದ.

"ಬ್ಯಾಡ್ರಿ, ಮುಟ್ಟಬ್ಯಾಡ್ರಿ. ಒಬ್ಬನ ಮಾಡಬೇಕಂತ ಐತಿ."

"ಓಹೋ. ಹರಕಿ!" ಅಂದವನೇ ನಾಲ್ಕು ಹೆಜ್ಜೆ ಹಿಂದೆ ಸರಿದು ಚಪ್ಪಲಿ ಕಳಚಿ ನಿಂತ.

ಹರಕೆ ಅಲ್ಲ ಎಂದು ಬಿಡಿಸಿ ಹೇಳಲು ಹೊರಟರೆ ಹರಕೆಗಿಂತ ವಿಚಿತ್ರವಾದದ್ದನ್ನು ಹೇಳಬೇಕಾಗುತ್ತಿತ್ತು. ಹೂಂ ಅಂದೆ.

ಹರಕೆಯ ವಿಧಿ ಶುರುವಾಯಿತು. ಏಣಿಯ ತುದಿ ಹಿಡಿದು ಜಗ್ಗಿದೆ. ಮೇಲಿನ ಹಲಗೆ ಕಿರ್ರೆಂದು ಎದ್ದಿತು, ನೆಟ್ಟಗಾಯಿತು, ಇನ್ನೇನು ನನ್ನ ಕಡೆ ವಾಲಬೇಕು. ಆ ಕ್ಷಣದಲ್ಲಿ ನಾನು ಏಣಿ ಬಿಟ್ಟು ಓಡಿ ಆಚೆ ಬದಿಗೆ ಹೋಗಿ, ಎರಡೂ ಕೈ ಮೇಲೆತ್ತಿ, "ಬಂತು!" ಅಂದೆ.

ಬರಲಿಲ್ಲ. ಜಗ್ಗುವವನಿಲ್ಲದ ಹಲಗೆ ದಡ್ಡೆಂದು ಹಿಂದಕ್ಕೆ ಬಿತ್ತು.

"ಏನ್ ಬಂತ್ರೀ?" ಎಂದು ಅವನು ಕಾಡಿನ ಕಡೆ ನೋಡಿದ.

ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಪ್ರಮಾಣ ಮಾಡಿ ಕೂತಿದ್ದೇನೆ. ಎರಡನೆಯ ಸಲವೂ ಹಾಗೇ ಮಾಡಿದೆ. ಬುದ್ಧಿ ಏಣಿಯ ಹತ್ತಿರ ನಿಂತಿತ್ತು. ಕಾಲುಗಳು ತಮ್ಮ ಹಳೆಯ ಜಾಗಕ್ಕೆ ಓಡಿದವು. ಹನ್ನೊಂದು ಸಲ ನಿಂತ ಜಾಗ ಅದು. ಅಲ್ಲಿ ನಿಂತರೆ ಎದುರಿಗೆ ಬಟ್ಟೆಯ ಮೇಲಿನಿಂದ ಅವನ ಟೋಪಿ ಕಾಣಬೇಕು. ಕಂಡದ್ದು ಬರೇ ಮೋಡ.

ಮೂರನೆಯ ಸಲ ನನ್ನದೇ ಟವೆಲಿನಿಂದ ಎಡಗೈಯನ್ನು ಏಣಿಯ ಮೆಟ್ಟಿಲಿಗೆ ಕಟ್ಟಿಕೊಂಡೆ. ಕೈದಿ ಪರಾರಿಯಾಗುವ ಸಂಭವವಿದ್ದಾಗ ಬೇಡಿ ಹಾಕುವುದು ಪದ್ಧತಿ. ಜಗ್ಗಿದೆ, ನೆಟ್ಟಗಾಯಿತು, ಕಾಲು ಹೊರಟವು, ಕೈ ತಡೆಯಿತು. ಇಡೀ ಮೈಭಾರ ಹಾಕಿ ಜೋತುಬಿದ್ದೆ. ಹಲಗೆ ಯೋಚನೆ ಮಾಡಿತು. ಆಮೇಲೆ ನಿಧಾನವಾಗಿ, ಬಹಳ ಘನತೆಯಿಂದ, ನನ್ನನ್ನು ನೆಲಕ್ಕಿಳಿಸುತ್ತ ತೆರೆದುಕೊಂಡಿತು. ಬಟ್ಟೆ ಎದ್ದು ನಿಂತಿತು. ಏಣಿ ಮಣ್ಣಿಗೆ ಊರಿತು. ಬೀಗದ ಕಡ್ಡಿ ಸಿಕ್ಕಿಸಿದೆ. ಬಂತು ಎಂದು ಹೇಳಲು ಯಾರೂ ಇರಲಿಲ್ಲ; ಹೇಳುವವನ ಕೈ ಏಣಿಗೆ ಕಟ್ಟಿತ್ತು.

ಹೊಲದವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮುಖ ಅರಳಿತು. "ಇದು ಅಟ್ಟ ಅಲ್ರೀ! ಹೊಲಾ ಕಾಯೂ ಅಟ್ಟ! ಮದ್ಲ ಹೇಳಬಾರದೇನ್ರಿ? ನಮ್ಮದು ಹೋದ ವರ್ಷ ಗಾಳಿಗೆ ಬಿತ್ತು, ಮತ್ತ ಕಟ್ಟಿಲ್ಲ." ಚಪ್ಪಲಿ ಮೆಟ್ಟಿಕೊಂಡ, ಹರಕೆಯ ಪ್ರಶ್ನೆ ಮುಗಿದು ವ್ಯವಹಾರ ಶುರುವಾಗಿತ್ತು. "ಹೆಂಗೂ ಮ್ಯಾಲ ಮಲಗ್ತೀರಿ. ನಸುಕಿನ್ಯಾಗ ಚಿಗರಿ ಬರ್ತಾವ, ಮೊಳಕಿ ತಿನ್ನಾಕ. ಒಂದ್ಸಲ ಹೋ ಅಂದುಬಿಡ್ರಿ. ಎರಡು ದಿನದಿಂದ ನನಗೂ ನಿದ್ದಿಲ್ಲ, ಇವತ್ತರ ಮನ್ಯಾಗ ಮಲಗ್ತೇನಿ."

ಏಕಾಂತ ಹುಡುಕಿಕೊಂಡು ಬಂದವನು ಸೂರ್ಯ ಮುಳುಗುವುದರೊಳಗೆ ನೌಕರಿಗೆ ಸೇರಿದ್ದೆ. ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಬಹಳ ದಿನಗಳ ಮೇಲೆ ಯಾರೋ ನನಗೊಂದು ಕೆಲಸ ಹೇಳಿದ್ದರು.

ಅವನು ಹೋದ ಮೇಲೆ ಸ್ಟೋವ್ ಹಚ್ಚಿದೆ. ನೀರು ಕುದಿದ ಮೇಲೆ ನೋಡಿದರೆ ಎರಡು ಕಪ್ಪಿನಷ್ಟು ಇಟ್ಟಿದ್ದೆ. ಒಂದನ್ನು ಕುಡಿದು, ಇನ್ನೊಂದನ್ನೂ ಕುಡಿದೆ. ಎರಡಕ್ಕೂ ಸಕ್ಕರೆ ಹಾಕಿರಲಿಲ್ಲ. ಸಕ್ಕರೆ ನನ್ನ ವ್ಯಾಪ್ತಿಯದಲ್ಲವಲ್ಲ.

ಜೀಪು ನಿಲ್ಲಿಸುವಾಗ ತಲೆ ಪೂರ್ವಕ್ಕೆ ಬರುವಂತೆ ನಿಲ್ಲಿಸಿದ್ದೆ. ಪೂರ್ವಕ್ಕೆ ತಲೆಯಿಟ್ಟರೆ ವಿದ್ಯೆ, ದಕ್ಷಿಣಕ್ಕೆ ಆಯುಷ್ಯ, ಪಶ್ಚಿಮಕ್ಕೆ ಚಿಂತೆ, ಉತ್ತರಕ್ಕೆ ಮರಣ ಎಂದು ನಮ್ಮವ್ವ ಹೇಳುತ್ತಿದ್ದಳು. ನೆಲದ ಇಳಿಜಾರು ಯಾವ ಕಡೆ ಎಂಬುದರ ಬಗ್ಗೆ ಅವಳು ಏನೂ ಹೇಳಿರಲಿಲ್ಲ. ಅದೂ ಪೂರ್ವಕ್ಕೇ ಇತ್ತು. ಮಲಗಿದ ಹತ್ತು ನಿಮಿಷಕ್ಕೆ ವಿದ್ಯೆಯೆಲ್ಲ ತಲೆಗಿಳಿದು ಕಿವಿ ಗುಂಯ್ ಎನ್ನತೊಡಗಿತು. ದಿಂಬು ಎತ್ತಿಕೊಂಡು ಪಶ್ಚಿಮಕ್ಕೆ ತಿರುಗಿ, ಚಿಂತೆಯ ಕಡೆ ತಲೆಯಿಟ್ಟು ಮಲಗಿದೆ. ಆ ಕಡೆ ಎತ್ತರವಿತ್ತು.

ಡೇರೆ ಇಬ್ಬರದು. ನಾನು ಎಡ ಮಗ್ಗುಲಿಗೆ ಒತ್ತಿ ಮಲಗುವವನು. ಆ ದಿನವೂ ಹಾಗೇ ಮಲಗಿದೆ. ನಡುವಿಗೆ ಸರಿದು ಕಾಲು ಚಾಚಬಹುದಾಗಿತ್ತು, ಸರಿಯಲಿಲ್ಲ. ಫೋನು ಎದೆಯ ಮೇಲಿಟ್ಟುಕೊಂಡಿದ್ದೆ. ಅವನು ಫೋನ್ ಮಾಡಲಿಲ್ಲ. ಕರಾರಿನ ಪ್ರಕಾರ ಮಾಡುವಂತಿಲ್ಲ ಎಂದು ನಾನು ತಿಳಿದಿದ್ದೆ. ನಾನೂ ಮಾಡಲಿಲ್ಲ.

ಎಚ್ಚರವಾದಾಗ ಮೂಡಣ ಬೆಳ್ಳಗಾಗುತ್ತಿತ್ತು. ಕಿಟಕಿಯ ಬಟ್ಟೆ ಸರಿಸಿ ನೋಡಿದೆ. ಬದುವಿನ ಆಚೆ ಚಿಗರಿಗಳು. ಮೊದಲು ನಾಲ್ಕು ಕಂಡವು. ಕಣ್ಣು ಹೊಂದಿಕೊಂಡಂತೆ ಇಪ್ಪತ್ತಾದರೂ ಇದ್ದವು. ಮುಂದೊಂದು ಕರಿ ಬೆನ್ನಿನ ಗಂಡು, ಸುರುಳಿ ಕೊಂಬು, ನಮ್ಮ ಕೋರ್ಟಿನ ಹಿರಿಯ ವಕೀಲರ ಹಾಗೆ ಮುಖವೆತ್ತಿಕೊಂಡು, ಇಡೀ ಹೊಲ ತನ್ನದೇ ಎಂಬಂತೆ ಬರುತ್ತಿತ್ತು. ಹಿಂದೆ ಹೆಣ್ಣುಗಳು, ಮರಿಗಳು, ಎಲ್ಲ ಒಟ್ಟಿಗೆ. ಒಂದೂ ಒಂಟಿಯಿರಲಿಲ್ಲ. ಹೀಗೆ ನೋಡುತ್ತ ಕೂತರೆ ಹೊಲ ಹೋಗುತ್ತದೆ ಎಂದು ನೆನಪಾದದ್ದು ಸ್ವಲ್ಪ ತಡವಾಗಿ.

ಹೋ ಅನ್ನಬೇಕು. ಬಾಯಿ ತೆರೆದರೆ ದನಿ ಹೊರಡಲಿಲ್ಲ. ಹಿಂದಿನ ಸಂಜೆಯಿಂದ ಮಾತಾಡಿರಲಿಲ್ಲ. ಹಾವೇರಿಯ ಮನೆಯಲ್ಲಾದರೆ ಹಾಲಿನವನಿಗೆ "ಅರ್ಧ" ಎಂದಾದರೂ ಅನ್ನುತ್ತೇನೆ. ಆಗ ನನ್ನ ನೆರವಿಗೆ ಬಂದದ್ದು ನೌಕರಿಯ ಮೊದಲ ನಾಲ್ಕು ವರ್ಷ. ಗುಮಾಸ್ತನಾಗುವ ಮೊದಲು ನಾನು ಕೋರ್ಟಿನ ಬಾಗಿಲಲ್ಲಿ ನಿಂತು ಕೂಗುವ ಪೇದೆಯಾಗಿದ್ದೆ. ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಸಲ ಕೂಗಬೇಕು, ಅಂಗಳದಾಚೆಯ ಚಹಾದಂಗಡಿಗೆ ಕೇಳುವ ಹಾಗೆ. ಮೂರು ಸಲ ಕೂಗಿದರೂ ಬರದಿದ್ದರೆ ಗೈರುಹಾಜರು ಎಂದು ಬರೆಯುತ್ತಾರೆ. ಹೊಟ್ಟೆಯಿಂದ ಕೂಗುವುದನ್ನು ನನಗೆ ಆ ಕೆಲಸ ಕಲಿಸಿತ್ತು.

ಕೂಗಲು ಒಂದು ಹೆಸರು ಬೇಕಲ್ಲ. ಬಾಯಿಗೆ ಮೊದಲು ಬಂದ ಹೆಸರನ್ನು ಹಿಡಿದುಕೊಂಡೆ. ಏಣಿಯ ಮೇಲಿನ ಮೆಟ್ಟಿಲಿಗೆ ಬಂದು ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ನನ್ನ ಗೆಳೆಯನ ಹೆಸರನ್ನು, ತಂದೆಯ ಹೆಸರು ಅಡ್ಡಹೆಸರು ಸಮೇತ, "ಹಾಜರದಾರೇನ್ರೀ..." ಎಂದು ಮೂರು ಸಲ ಕೂಗಿದೆ.

ಮೊದಲ ಕೂಗಿಗೆ ಇಡೀ ಹಿಂಡು ತಲೆಯೆತ್ತಿ ನಿಂತಿತು. ಎರಡನೆಯದಕ್ಕೆ ಕರಿಯ ವಕೀಲರು ತಿರುಗಿದರು. ಮೂರನೆಯದಕ್ಕೆ ಎಲ್ಲವೂ ನೆಗೆದು ನೆಗೆದು ಕಾಡು ಸೇರಿದವು. ಹೊಲ ಖಾಲಿಯಾಯಿತು. ಎಲ್ಲ ಕಡೆ ಸದ್ದಡಗಿತು. ನಾನು ಇನ್ನೂ ಸ್ವಲ್ಪ ಹೊತ್ತು ಏಣಿಯ ಮೇಲೆಯೇ ನಿಂತಿದ್ದೆ. ಕೂಗಿದ ಮೇಲೆ ಸ್ವಲ್ಪ ಕಾಯುವುದು ನಿಯಮ.

ಬಿಸಿಲು ಬೀಳುವ ಹೊತ್ತಿಗೆ ಹೊಲದವನು ರೊಟ್ಟಿ ಬುತ್ತಿ ಹಿಡಿದು ಬಂದ. ಬದುವಿನಗುಂಟ ನಡೆದು ಮೊಳಕೆಗಳನ್ನು ನೋಡಿ ಬಂದು ಬುತ್ತಿಯನ್ನು ಬಾನೆಟ್ಟಿನ ಮೇಲಿಟ್ಟ.

"ಒಂದ ಸಾಲ ತುದಿ ಕಡದಾವ ನೋಡ್ರಿ, ಅಷ್ಟ. ಭಾರಿ ದನಿ ಐತ್ರಿ ನಿಮ್ಮದು, ಊರ ತನಕ ಕೇಳಿಸ್ತು. ನಮ್ಮಾಕಿ ಹೆದರಿ ಎದ್ದು ಕುಂತ್ಲು." ಡೇರೆಯೊಳಗೆ ಇಣುಕಿ ನೋಡಿದ. "ಯಾರನ್ನೋ ಕರದ್ರೆಲ್ಲ. ಇನ್ನೊಬ್ರು ಬಂದಾರೇನ್ರಿ?"

"ಇಲ್ರಿ," ಅಂದೆ. "ಗೈರುಹಾಜರು."

ರೊಟ್ಟಿ ತಿಂದೆವು. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ. ತಿಂದು ಮಡಚಲು ನಿಂತೆ.

ಹಾಕುವುದು ಕಷ್ಟ ಎಂದುಕೊಂಡವನು ಮಡಚಿ ನೋಡಬೇಕು. ನಾನು ಮೊದಲು ಕಿಟಕಿಗಳನ್ನೆಲ್ಲ ಮುಚ್ಚಿ, ಜಿಪ್ಪುಗಳನ್ನು ಕೊನೆಯ ತನಕ ಎಳೆದೆ. ಬಾಗಿಲೂ ಹಾಕಿದೆ, ಹಾಕಿದೆಯೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿದೆ. ಮನೆ ಬಿಟ್ಟು ಹೋಗುವವರು ಮಾಡುವ ಕೆಲಸವೇ ಅದು. ಏಣಿ ನೂಕಿ ಹಲಗೆಯನ್ನು ಮಡಚಿದೆ. ಮೇಲೆ ಡೇರೆ ಪೂರಿಯ ಹಾಗೆ ಉಬ್ಬಿ ಕೂತಿತು. ಬಾನೆಟ್ಟು ಹತ್ತಿ ಡೇರೆಯ ಮೇಲೆ ಬೋರಲು ಬಿದ್ದೆ. ಈ ಕಡೆ ತಗ್ಗಿದರೆ ಆ ಕಡೆ ಎದ್ದಿತು. ಹೊದಿಕೆಯ ಜಿಪ್ಪಿಗೂ ಅದಕ್ಕೂ ಒಂದು ಗೇಣು ಅಂತರ. ಇಳಿದು, ಬಿಚ್ಚಿ, ಮತ್ತೆ ಮಡಚಿದೆ. ಮತ್ತೆ ಪೂರಿ.

"ಹರಕಿ ಇನ್ನೂ ಐತೇನ್ರಿ? ಇಲ್ಲಂದ್ರ ನಾ ಒಂದ ಕೈ..." ಎಂದ ಹೊಲದವನು.

"ಐತ್ರಿ. ದೂರ ನಿಂದರ್ರಿ."

ಮೂರನೆಯ ಸಲ ಸಿಟ್ಟಿನಲ್ಲಿ ಒಂದು ಕಿಟಕಿ ಮುಚ್ಚುವುದನ್ನು ಮರೆತೆ. ಮಡಚಿದಾಗ ಆ ಮೂಲೆ ಮಾತ್ರ ಉಸ್ಸೆಂದು ಉಸಿರು ಬಿಟ್ಟು ಹಪ್ಪಳದಂತೆ ಚಪ್ಪಟೆಯಾಯಿತು. ನಾನು ಆ ಮೂಲೆಯನ್ನು ನೋಡಿದೆ. ಆಮೇಲೆ ಮತ್ತೆ ಬಿಚ್ಚಿ, ಉಳಿದ ಕಿಟಕಿಗಳನ್ನೂ ಬಾಗಿಲನ್ನೂ ತೆರೆದಿಟ್ಟು ಮಡಚಿದೆ. ಡೇರೆ ಮಲಗಿತು. ಪಟ್ಟಿ ಬಿಗಿದೆ, ಹೊದಿಕೆ ಎಳೆದೆ. ಸುತ್ತ ಜಿಪ್ಪು ತಾನಾಗಿ ಓಡಿತು. ಹಿಂದಿನ ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಉಳಿಯಿತು.

ಆ ನಾಲ್ಕು ಬೆರಳು ಎಳೆದರೆ ಮುಗಿಯಿತು. ಎಳೆಯಲಿಲ್ಲ.

ಜಿಪ್ಪಿನ ಕೊಂಡಿ ಕೈಯಲ್ಲಿ ಹಿಡಿದು ನ್ಯಾಯಾಧೀಶರ ಮುಂದೆ ನಿಂತವನ ಹಾಗೆ ನಿಂತಿದ್ದೆ. ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು, ತಾಡಪತ್ರಿಯಿದ್ದ ಖಾಲಿ ಜಾಗದ ಮುಂದೆ ಅವನು ಕುಳಿತಿರುತ್ತಾನೆ ಎಂದು ಗೊತ್ತಿತ್ತು. ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಹಾಕಿದೇನು?"

"ಹಾಕಿದೆ."

"ಒಬ್ಬನ?"

"ಒಬ್ಬನ."

ಅಲ್ಲಿ ಕೋಲು ನೆಲಕ್ಕೆ ತಾಕಿದ ಸದ್ದು. "ಚಲೋ ಆತು ಬಿಡು," ಅಂದ. ಆಸ್ತಿ ಕಳೆದುಕೊಂಡ ಕಕ್ಷಿದಾರರು ಎದುರಾಳಿಗೆ ನಮಸ್ಕಾರ ಮಾಡಿ ಮೆಟ್ಟಿಲಿಳಿಯುವಾಗ ಅನ್ನುವ ದನಿ ಅದು. ಅದನ್ನು ನಾನು ಚೆನ್ನಾಗಿ ಬಲ್ಲೆ.

"ಆದ್ರ ಮಡಚಾಕ ಆಗವಲ್ದು," ಅಂದೆ.

"ಏನು?"

"ಮೂರು ಸಲ ನೋಡಿದೆ. ಉಬ್ಬಿ ಕುಂದ್ರಾಕತ್ತೈತಿ. ಜಿಪ್ಪ ಬರವಲ್ದು."

"ಕಿಡಕಿ?"

ಕಿಟಕಿಗಳೆಲ್ಲ ತೆರೆದೇ ಇದ್ದವು. "ಮುಚ್ಚೇನಿ," ಅಂದೆ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ, ಅದರ ಆಚೆಯೂ, ಹರಕೆಗೆ ಹೂಂ ಅಂದದ್ದನ್ನು ಬಿಟ್ಟರೆ, ಪ್ರಜ್ಞಾಪೂರ್ವಕವಾಗಿ ಹೇಳಿದ ಸುಳ್ಳು ಇದೊಂದೇ ಎಂದು ನಂಬಿದ್ದೇನೆ. ನಾನು ಸೀನಲಿಲ್ಲ.

"ಮುಚ್ಚೀ ಅಂದ್ರ! ಏ ಮಂಗ್ಯಾ, ಮನಿಗೆ ಕೀಲಿ ಹಾಕ್ಕೊಂಡು ಊರಿಗೆ ಹೊಂಟೀಯೇನು? ಒಳಗಿನ ಗಾಳಿ ಎಲ್ಲಿಂದ ಹೋಗಬೇಕು, ನಿನ್ನ ತಲ್ಯಾಗಿಂದ?" ಫೋನಿನಿಂದ ದನಿ ಉಕ್ಕಿ ಬಂತು. "ಮದ್ಲ ಪೂರಾ ಬಿಚ್ಚು. ಬಿಚ್ಚಿದಿ? ನಾಕೂ ಕಿಡಕಿ ತಗಿ. ಬಾಗಲಾ ತಗಿ. ಎಡಗಡೆ ರಬ್ಬರ್ ಹಗ್ಗ ಒಳಗ ಸಿಕ್ಕೊಂಡಿರ್ತೈತಿ, ನೋಡು. ಸಾವಕಾಶ ನೂಕು. ನೂಕಿದಿ? ಹಾಂ, ಈಗ ಗಾಳಿ ಬಿಡ್ತೈತಿ. ಬಿಡಾಕತ್ತೈತೇನು?"

ನಾನು ಜೀಪಿಗೆ ಒರಗಿ ನಿಂತು, "ಹಾಂ... ಹಾಂ... ಬಂತು, ಬಂತು" ಅನ್ನುತ್ತಿದ್ದೆ. ಏನೂ ಮಾಡುತ್ತಿರಲಿಲ್ಲ. ಹೊಲದವನು ತೆರೆದ ಬಾಯಿ ಮುಚ್ಚದೆ ಒಮ್ಮೆ ನನ್ನನ್ನು, ಒಮ್ಮೆ ಅಚ್ಚುಕಟ್ಟಾಗಿ ಮಡಚಿಟ್ಟ ಡೇರೆಯನ್ನು ನೋಡುತ್ತಿದ್ದ. "ಅದಾಗಲೇ ಮಡಚಿ..." ಎಂದು ಶುರುಮಾಡಿದ. ನಾನು ಬೆರಳನ್ನು ತುಟಿಗೆ ಒತ್ತಿದೆ. ಅವನು ಇದೂ ಹರಕೆಯ ಒಂದು ಭಾಗವಿರಬೇಕೆಂದು ತಿಳಿದು ಗಪ್ಪಾದ.

"ಈಗ ಜಿಪ್ಪ ಎಳಿ," ಅಂದ ಗೆಳೆಯ.

ಫೋನನ್ನು ಮೂಲೆಯ ಹತ್ತಿರ ಹಿಡಿದು, ಉಳಿದ ನಾಲ್ಕು ಬೆರಳನ್ನು ಅವನಿಗೆ ಕೇಳುವ ಹಾಗೆ ಎಳೆದೆ.

"ಆತು?"

"ಆತು. ಆದ್ರ ನೀ ಹೇಳಿದ ಮ್ಯಾಲೆ ಆತು. ಒಬ್ಬನ ಮಾಡಿದಂಗ ಆಗಲಿಲ್ಲ. ಕರಾರ ಮುರೀತು. ಗಿರಾಕಿ ಬರ್ಲಿ ಬಿಡು."

"ಯಾಕ ಮುರೀತೈತಿ?" ಎಂದು ಅವನು ಜೋರಾದ. "ಕೈ ಹಚ್ಚಬಾರದು ಅಂತ ಇತ್ತು, ಬಾಯಿ ಹಚ್ಚಬಾರದು ಅಂತ ಎಲ್ಲಿತ್ತು? ನಾ ಬ್ಯಾಡಗ್ಯಾಗ ಅದೇನಿ. ಹೊಲದಾಗ ನೀ ಒಬ್ಬನ. ಇಷ್ಟು ವರ್ಷ ಕೋರ್ಟಿನ್ಯಾಗ ಕುಂತು ಇಷ್ಟೂ ತಿಳಿಯಂಗಿಲ್ಲೇನು ನಿನಗ? ಮುಂದಿನ ಸಲ ಬಿಚ್ಚೂ ಮದ್ಲ ಫೋನ್ ಹಚ್ಚು. ನಿನಗಿನ್ನೂ ಏನೂ ಬರೂದಿಲ್ಲ."

"ನೀನ ಬಾ ಹಂಗಾರ. ಕುರ್ಚಿ ಹಾಕ್ಕೊಂಡು ಕೆಳಗ ಕುಂದರು."

"ನೋಡೋಣು," ಅಂದ. ಬರುವುದಿಲ್ಲ ಎಂದೇ ಅದರ ಅರ್ಥವೆಂದು ಇಬ್ಬರಿಗೂ ಗೊತ್ತಿತ್ತು. ಫೋನಿಟ್ಟ.

ಹೊಲದವನು ಬುತ್ತಿಯ ಗಂಟು ಕಟ್ಟಿಕೊಂಡು, ಇನ್ನೆರಡು ದಿನ ಇದ್ದು ಹೋಗಿರೆಂದ. ಜೀಪು ಮುಟ್ಟಿಸಬೇಕೆಂದು ಹೇಳಿ ಹೊರಟೆ. ರಾಣೆಬೆನ್ನೂರು ದಾಟುವಾಗ ಎಡಕ್ಕೆ ತಿರುಗಿ ಏನನ್ನೂ ಕೇಳಲಿಲ್ಲ.

ಹುಬ್ಬಳ್ಳಿಯ ಗಿರಾಕಿಗೆ ಅವನೇ ಫೋನ್ ಮಾಡಿ ಬರಬೇಡ ಎಂದ. ಡೇರೆ ಮಾರಲಿಲ್ಲ. ಆಮೇಲೆ ನಾನು ನಾಲ್ಕು ಸಲ ಹೋಗಿದ್ದೇನೆ. ನಾಲ್ಕೂ ಸಲ ಒಬ್ಬನೇ, ಬಿಚ್ಚುವ ಮೊದಲು ಅವನಿಗೆ ಫೋನ್ ಹಚ್ಚಿ.